ಕವರೇಜ್ ಅಂಕಿ ಬೇಡ, ಸಾಲು ತೋರಿಸಿ

ಟೆಸ್ಟ್ ಓಡಿದ ಮೇಲೆ ತಯಾರಾಗುವ ಕವರೇಜ್ ರಿಪೋರ್ಟನ್ನು, ಅಂದರೆ ಟೆಸ್ಟುಗಳು ಕೋಡಿನ ಯಾವ ಯಾವ ಸಾಲನ್ನು ಓಡಿಸಿದವು ಅನ್ನುವ ವರದಿಯನ್ನು, ಯಾರೂ ತೆರೆದು ನೋಡುವುದಿಲ್ಲ. ನಾನು ಕೆಲಸ ಮಾಡಿದ ಎಲ್ಲಾ ಟೀಮುಗಳಲ್ಲೂ ಇದೇ ಕಥೆ. ಟರ್ಮಿನಲ್‌ನಲ್ಲಿ ಕೊನೆಗೆ ಶೇಕಡಾ ಇಷ್ಟು ಅಂತ ಒಂದು ಅಂಕಿ ಬರುತ್ತದೆ, ಜೊತೆಗೆ ಒಂದು ಎಚ್‌ಟಿಎಂಎಲ್ ಫೋಲ್ಡರ್ ಹುಟ್ಟಿಕೊಳ್ಳುತ್ತದೆ, ಅದು ಕೋಡ್ ಬರೆದವರ ಲ್ಯಾಪ್‌ಟಾಪ್‌ನಲ್ಲೇ ಉಳಿದುಬಿಡುತ್ತದೆ. ಆ ಕೋಡನ್ನು ಓದಿ ಒಪ್ಪಿಗೆ ಕೊಡಬೇಕಾದವರು ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಪುಟದಲ್ಲಿ ಕೂತಿರುತ್ತಾರೆ. ಯಾವ ಸಾಲನ್ನು ಯಾವ ಟೆಸ್ಟೂ ಮುಟ್ಟಿಲ್ಲ ಅನ್ನೋದು ಅವರಿಗೆ ಗೊತ್ತೇ ಆಗುವುದಿಲ್ಲ. ಈ ಎರಡನ್ನೂ ಜೋಡಿಸುವ ಕೆಲಸದ ಬಗ್ಗೆ ಹೇಳೋದು ತುಂಬಾ ಇದೆ. ಸರಿಯಾಗಿ ಜೋಡಿಸಿದರೆ ರಿವ್ಯೂ ಮಾಡುವ ರೀತಿಯೇ ಬದಲಾಗುತ್ತದೆ, ತಪ್ಪಾಗಿ ಜೋಡಿಸಿದರೆ ರೆಪೊಸಿಟರಿಯ (ಕೋಡ್ ಇಟ್ಟಿರುವ ಜಾಗದ) ಕೀಲಿ ಹೊರಗಿನವರ ಕೈಗೆ ಹೋಗುತ್ತದೆ.

ನಮ್ಮದು ಚಿಕ್ಕ ಟೀಮು. ಇಬ್ಬರು ಚಿಕ್ಕಮಗಳೂರಿನಲ್ಲಿ, ಒಬ್ಬ ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿ, ಒಬ್ಬಳು ಹಾಸನದಲ್ಲಿ. ಕಾಫಿ ಖರೀದಿ ಮಾಡುವವರಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತೇವೆ. ತೂಕ, ತೇವ, ಔಟ್‌ಟರ್ನ್, ಬಿಲ್ಲು, ಇಷ್ಟೇ. ಒಳಗಿನ ಲೆಕ್ಕವೆಲ್ಲಾ ಪೈಥಾನ್, ಕಣ್ಣಿಗೆ ಕಾಣುವ ಪರದೆ ಜಾವಾಸ್ಕ್ರಿಪ್ಟ್. ಜುಲೈ ಮಳೆ ಹಿಡಿದರೆ ಮೂಡಿಗೆರೆ ಕಡೆ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಅಂತ ಹೇಳೋಕಾಗುವುದಿಲ್ಲ, ನೆಟ್ಟೂ ಅದರ ಹಿಂದೆಯೇ ಹೋಗುತ್ತದೆ. ಹೀಗಿರುವಾಗ ಎಲ್ಲರೂ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್ ಓಡಿಸಿ, ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್‌ನಲ್ಲಿ ಹಾಕುವ ಪದ್ಧತಿ ನಡೆಯುವುದಿಲ್ಲ. ಒಂದು ಪುಶ್ ಹೋದರೆ, ಅಂದರೆ ಕೋಡ್ ಗಿಟ್‌ಹಬ್‌ಗೆ ತಲುಪಿದರೆ ಸಾಕು, ಉಳಿದದ್ದೆಲ್ಲಾ ಗಿಟ್‌ಹಬ್ ಆಕ್ಷನ್ಸ್ ಅನ್ನುವ, ಇಂಥ ಕೆಲಸ ತಾನೇ ಓಡಿಸುವ ಸೇವೆಯ ಯಂತ್ರದಲ್ಲಿ ಆಗಿ, ಕರೆಂಟ್ ಬರುವ ಹೊತ್ತಿಗೆ ಉತ್ತರ ಪುಲ್ ರಿಕ್ವೆಸ್ಟ್‌ನಲ್ಲಿ ಇರಬೇಕು. ಆಕ್ಷನ್ಸ್ 2019ರ ನವೆಂಬರ್‌ನಲ್ಲಿ ಎಲ್ಲರಿಗೂ ಸಿಕ್ಕ ಮೇಲೆ ಇದು ಸಣ್ಣ ಟೀಮುಗಳ ಕೈಗೂ ಎಟುಕುವಂತಾಯಿತು.

ಕವರೇಜ್ ಅನ್ನೋದೇನೂ ಹೊಸ ವಿಷಯ ಅಲ್ಲ. 1963ರಲ್ಲೇ ಜೋನ್ ಮಿಲ್ಲರ್ ಮತ್ತು ಕ್ಲಿಫರ್ಡ್ ಮಲೋನಿ ಇದರ ಬಗ್ಗೆ ಬರೆದಿದ್ದಾರೆ. ಪ್ರೋಗ್ರಾಮಿನ ಯಾವ ದಾರಿಗಳಲ್ಲಿ ಟೆಸ್ಟ್ ಓಡಾಡಿದೆ, ಯಾವುದರಲ್ಲಿ ಇಲ್ಲ ಅಂತ ಗುರುತು ಹಾಕಿಕೊಳ್ಳುವುದೇ ಇದರ ಜೀವ. ಇವತ್ತು ಪೈಥಾನ್‌ಗೆ ಕವರೇಜ್ ಡಾಟ್ ಪಿವೈ, ಜಾವಾಗೆ ಜಾಕೊಕೊ, ಜಾವಾಸ್ಕ್ರಿಪ್ಟ್‌ಗೆ ಇಸ್ತಾಂಬುಲ್, ಸಿ ಭಾಷೆಗೆ ಜಿಕೋವ್ ಇವೆ. ಗೋ ಭಾಷೆಯಲ್ಲಂತೂ ಟೆಸ್ಟ್ ಕಮಾಂಡಿನ ಒಳಗೇ ಕೂತಿದೆ. ಎಲ್ಲವೂ ಕೊನೆಗೆ ಒಂದು ಫೈಲ್ ಉಗುಳುತ್ತವೆ. ಎಲ್‌ಕೋವ್ ಅನ್ನುವ ಸಾದಾ ಪಠ್ಯದ ರೂಪ, ಕೊಬರ್ಚುರಾ ಅನ್ನುವ ಎಕ್ಸ್‌ಎಂಎಲ್ ರೂಪ, ಇವೆರಡು ಗೊತ್ತಿದ್ದರೆ ಬಹುಪಾಲು ಕೆಲಸ ನಡೆಯುತ್ತದೆ. ಎಲ್‌ಕೋವ್ ಫೈಲನ್ನು ಒಂದು ಸಲ ಎಡಿಟರ್‌ನಲ್ಲಿ ತೆರೆದು ನೋಡಿ, ಭಯ ಹೋಗುತ್ತದೆ. ಎಸ್‌ಎಫ್ ಅಂತ ಶುರುವಾದರೆ ಫೈಲಿನ ಹೆಸರು. ಡಿಎ ಅಂತ ಶುರುವಾದರೆ ಸಾಲಿನ ಸಂಖ್ಯೆ, ಪಕ್ಕದಲ್ಲಿ ಆ ಸಾಲು ಎಷ್ಟು ಸಲ ಓಡಿತು ಅನ್ನುವ ಲೆಕ್ಕ. ಅಲ್ಲಿ ಸೊನ್ನೆ ಇದ್ದರೆ ಯಾವ ಟೆಸ್ಟೂ ಅಲ್ಲಿಗೆ ಹೋಗಿಲ್ಲ. ಇಷ್ಟೇ.

ಜೋಡಿಸುವ ಮುಂಚೆ ಒಂದು ವಿಷಯ ತೀರ್ಮಾನ ಮಾಡಿಕೊಳ್ಳಬೇಕು. ಸಾಲು ಓಡಿತಾ ಅಂತ ಮಾತ್ರ ನೋಡುವ ಸಾಲಿನ ಕವರೇಜ್ ಸಾಕಾ, ಪ್ರತಿ ಇಫ್‌ನ (ಷರತ್ತಿನ) ಎರಡೂ ದಾರಿ ನೋಡುವ ಬ್ರಾಂಚ್ ಕವರೇಜ್ ಬೇಕಾ? ಹಣದ ಲೆಕ್ಕ ಇರುವ ಕಡೆ ಬ್ರಾಂಚ್ ಬೇಕೇ ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಒಂದು ಉದಾಹರಣೆ ನೋಡಿ. ಮೂಟೆಯ ತೇವ ಮಿತಿಗಿಂತ ಜಾಸ್ತಿ ಇದ್ದರೆ ಸ್ವಲ್ಪ ತೂಕ ಕಳೆಯಬೇಕು. ಕಳೆಯಬೇಕಾದ ತೂಕವನ್ನು ಇಫ್ ಒಳಗೆ ಒಂದು ವೇರಿಯಬಲ್‌ಗೆ ಹಾಕುತ್ತೀರಿ, ಇಫ್ ಮುಗಿದ ಮೇಲೆ ಒಟ್ಟು ತೂಕದಿಂದ ಅದನ್ನು ಕಳೆಯುತ್ತೀರಿ. ಟೆಸ್ಟ್ ಬರೆದವರು ಒದ್ದೆ ಮೂಟೆಯ ಲೆಕ್ಕ ಕೊಟ್ಟರು. ಇಫ್ ಒಳಗೆ ಹೋಯಿತು, ಹೊರಗೆ ಬಂತು, ಎಲ್ಲಾ ಸಾಲೂ ಓಡಿತು, ಸಾಲಿನ ಕವರೇಜ್ 100ಕ್ಕೆ 100. ಆದರೆ ಚೆನ್ನಾಗಿ ಒಣಗಿದ ಮೂಟೆ ಬಂದಾಗ ಇಫ್ ಒಳಗೆ ಹೋಗುವುದೇ ಇಲ್ಲ, ಆ ವೇರಿಯಬಲ್ ಹುಟ್ಟಿಯೇ ಇರುವುದಿಲ್ಲ, ಪೈಥಾನ್ ಅಲ್ಲೇ ಕೈ ಎತ್ತುತ್ತದೆ. ಕಾಫಿಯನ್ನು ಸರಿಯಾಗಿ ಒಣಗಿಸಿ ತಂದ ಬೆಳೆಗಾರರ ಬಿಲ್ಲೇ ನಿಂತುಹೋಗುತ್ತದೆ! ಬ್ರಾಂಚ್ ಕವರೇಜ್ ಹಾಕಿದ್ದರೆ ಈ ಇಫ್‌ನ ಇನ್ನೊಂದು ದಾರಿಯಲ್ಲಿ ಯಾರೂ ನಡೆದಿಲ್ಲ ಅಂತ ಅದು ಹೇಳುತ್ತಿತ್ತು. ಔಟ್‌ಟರ್ನ್ ಲೆಕ್ಕದಲ್ಲೂ ಹೀಗೆಯೇ. 50 ಕೆಜಿ ಮೂಟೆಯಿಂದ ಎಷ್ಟು ಕೆಜಿ ಕ್ಲೀನ್ ಕಾಫಿ ಬರುತ್ತದೆ ಅನ್ನೋದೇ ಔಟ್‌ಟರ್ನ್, ನಮ್ಮ ಕಡೆ ಓಟಿ ಅಂತಾರೆ. 27.6 ಇದ್ದದ್ದನ್ನು ಕೋಡು 27 ಅಂತ ಕತ್ತರಿಸಿದರೆ ಪ್ರತಿ ಮೂಟೆಯಲ್ಲೂ ಬೆಳೆಗಾರರಿಗೆ ದುಡ್ಡು ಕಮ್ಮಿ ಹೋಗುತ್ತದೆ. ಇಂಥ ಕೋಡಿನಲ್ಲಿ ಟೆಸ್ಟ್ ಮುಟ್ಟದ ಮೂಲೆ ಇರಬಾರದು.

ಸರಿ, ಜೋಡಣೆಗೆ ಬರೋಣ. ಹೇಳೋಕೆ ಸುಲಭ: ಟೆಸ್ಟ್ ಓಡಿಸು, ಕವರೇಜ್ ಫೈಲ್ ತೆಗೆದುಕೋ, ಅದನ್ನು ಕಮಿಟ್‌ಗೆ (ಗಿಟ್‌ನಲ್ಲಿ ಉಳಿಸಿದ ಬದಲಾವಣೆಗೆ) ಹೊಂದಿಸು, ಪುಲ್ ರಿಕ್ವೆಸ್ಟ್‌ನಲ್ಲಿ ತೋರಿಸು. ತೊಂದರೆ ಎಲ್ಲಾ ಆ ಹೊಂದಿಸುವ ಹೆಜ್ಜೆಯಲ್ಲಿದೆ.

ಮೊದಲನೇ ತೊಂದರೆ ಫೈಲಿನ ದಾರಿ. ಟೆಸ್ಟ್ ಡಾಕರ್‌ನ ಕಂಟೇನರ್ (ಪ್ರತ್ಯೇಕ ಪೆಟ್ಟಿಗೆಯಂಥ ವ್ಯವಸ್ಥೆ) ಒಳಗೆ ಓಡಿದರೆ ಕವರೇಜ್ ಫೈಲಿನಲ್ಲಿ ಆ ಕಂಟೇನರ್‌ನ ಪೂರ್ತಿ ವಿಳಾಸ ಬರೆದಿರುತ್ತದೆ, ಗಿಟ್‌ನಲ್ಲಿ ಅದೇ ಫೈಲು ಬೇರೆ ವಿಳಾಸದಲ್ಲಿರುತ್ತದೆ. ಎರಡೂ ಹೊಂದದೆ ಹೋದಾಗ ಬಹಳ ಸಲ ಎರರ್ ಕೂಡ ಬರುವುದಿಲ್ಲ, ಸುಮ್ನೆ ಖಾಲಿ ರಿಪೋರ್ಟ್ ಬರುತ್ತದೆ. ಇದು ಎರರ್‌ಗಿಂತ ಕೆಟ್ಟದ್ದು, ಎಲ್ಲಾ ಹಸಿರಾಗಿ ಕಾಣುತ್ತಿರುತ್ತದೆ ಅಲ್ವಾ. ಪೈಥಾನ್‌ನವರು ಕವರೇಜ್ ಸೆಟ್ಟಿಂಗ್‌ನಲ್ಲಿ ರಿಲೇಟಿವ್ ಫೈಲ್ಸ್ ಅನ್ನುವುದನ್ನು ಆನ್ ಮಾಡಿದರೆ ಅರ್ಧ ತಲೆನೋವು ಅಲ್ಲಿಗೇ ಕಳೆಯುತ್ತದೆ. ಟೆಸ್ಟುಗಳನ್ನು ಭಾಗ ಮಾಡಿ ಬೇರೆ ಬೇರೆ ಯಂತ್ರಗಳಲ್ಲಿ ಒಟ್ಟಿಗೇ ಓಡಿಸುವವರಿಗೆ ಇದು ಇನ್ನೂ ಮುಖ್ಯ. ಎಲ್ಲಾ ತುಂಡುಗಳನ್ನೂ ಕಂಬೈನ್ ಮಾಡಿದ ಮೇಲೆಯೇ ಫಲಿತಾಂಶ ಹಾಕಬೇಕು, ಮೊದಲ ತುಂಡು ಬಂದ ಕೂಡಲೇ ಹಾಕಿದರೆ ಕವರೇಜ್ ಬಿದ್ದುಹೋಗಿದೆ ಅಂತ ಎಲ್ಲರಿಗೂ ಗಾಬರಿ.

ಎರಡನೆಯದು ಗಿಟ್‌ನ ಇತಿಹಾಸ. ಆಕ್ಷನ್ಸ್‌ನ ಚೆಕ್‌ಔಟ್, ಅಂದರೆ ಕೋಡನ್ನು ಯಂತ್ರಕ್ಕೆ ತರುವ ಹೆಜ್ಜೆ, ಏನೂ ಹೇಳದೆ ಬಿಟ್ಟರೆ ಒಂದೇ ಒಂದು ಕಮಿಟ್ ತರುತ್ತದೆ. ಹೊಸದಾಗಿ ಬದಲಾದ ಸಾಲು ಯಾವುದು ಅಂತ ಕಂಡುಹಿಡಿಯಬೇಕಾದರೆ ಮೇನ್ ಬ್ರಾಂಚ್‌ನಿಂದ (ಇಲ್ಲಿ ಬ್ರಾಂಚ್ ಅಂದರೆ ಇಫ್‌ನ ದಾರಿ ಅಲ್ಲ, ಗಿಟ್‌ನಲ್ಲಿ ಕೋಡಿನ ಕವಲು) ಕವಲೊಡೆದ ಜಾಗ ಬೇಕು, ಒಂದೇ ಕಮಿಟ್‌ನಲ್ಲಿ ಅದು ಎಲ್ಲಿಂದ ಸಿಗಬೇಕು? ಫೆಚ್ ಡೆಪ್ತ್ ಸೊನ್ನೆ ಅಂತ ಕೊಡಿ, ಪೂರ್ತಿ ಇತಿಹಾಸ ಬರುತ್ತದೆ.

ಇನ್ನೊಂದು, ಬಹಳ ಜನರಿಗೆ ಗೊತ್ತಿಲ್ಲದ್ದು. ಪುಲ್ ರಿಕ್ವೆಸ್ಟ್ ಈವೆಂಟ್‌ನಲ್ಲಿ ಆಕ್ಷನ್ಸ್ ಓಡಿಸುವುದು ನೀವು ಪುಶ್ ಮಾಡಿದ ಕಮಿಟ್ ಮೇಲೆ ಅಲ್ಲ. ನಿಮ್ಮ ಬ್ರಾಂಚನ್ನು ಮೇನ್ ಜೊತೆ ಸೇರಿಸಿದರೆ ಹೇಗಿರುತ್ತದೋ ಆ ತಾತ್ಕಾಲಿಕ ಮರ್ಜ್ ಕಮಿಟ್ ಮೇಲೆ. ಟೆಸ್ಟ್‌ಗೆ ಇದು ಒಳ್ಳೆಯದೇ. ಆದರೆ ನೀವೇ ಗಿಟ್‌ಹಬ್‌ನ ಎಪಿಐ ಮೂಲಕ ಸ್ಟೇಟಸ್ (ಪಾಸ್, ಫೇಲ್ ಗುರುತು) ಹಾಕುವುದಾದರೆ ಆ ತಾತ್ಕಾಲಿಕ ಕಮಿಟ್‌ಗೆ ಹಾಕಿದ್ದು ಪುಲ್ ರಿಕ್ವೆಸ್ಟ್ ಪುಟದಲ್ಲಿ ಕಾಣುವುದೇ ಇಲ್ಲ. ಈವೆಂಟ್ ಮಾಹಿತಿಯಲ್ಲಿ ಬರುವ ಹೆಡ್ ಕಮಿಟ್‌ನ ಗುರುತನ್ನು ತೆಗೆದುಕೊಂಡು ಅದಕ್ಕೆ ಹಾಕಬೇಕು.

ಇನ್ನು ಶೇಕಡಾವಾರಿನ ಜಗಳ. ನಾವು ಮೊದಲು ಒಟ್ಟು ಕವರೇಜ್ ಇಳಿದರೆ ಚೆಕ್ ಫೇಲ್ ಆಗುವ ನಿಯಮ ಹಾಕಿಕೊಂಡಿದ್ದೆವು. ಬಹಳ ಟೀಮುಗಳು ಇಲ್ಲಿಂದಲೇ ಶುರು ಮಾಡುವುದು. ಒಂದು ದಿನ ಹಾಸನದ ಹುಡುಗಿ ಫೋನ್ ಮಾಡಿದಳು.

"ಸರ್, ನಾನು ಹಳೇ ಕೋಡ್ ತೆಗೆದಿದ್ದೀನಿ ಅಷ್ಟೇ. ಹೊಸದು ಒಂದು ಸಾಲೂ ಸೇರಿಸಿಲ್ಲ. ಆದ್ರೂ ಕವರೇಜ್ ಕಮ್ಮಿ ಆಯ್ತು ಅಂತ ಕೆಂಪು ತೋರಿಸ್ತಿದೆ."

"ತೆಗೆದಿರೋ ಕೋಡ್‌ಗೆ ಟೆಸ್ಟ್ ಇತ್ತಾ?"

"ಹೌದು ಸರ್, ಪೂರ್ತಿ ಇತ್ತು."

ಅದೇ ಕಾರಣ. 1000 ಸಾಲಿನಲ್ಲಿ 900ಕ್ಕೆ ಟೆಸ್ಟ್ ಇದ್ದರೆ ಶೇ. 90. ಟೆಸ್ಟ್ ಇರುವ 100 ಸಾಲುಗಳನ್ನು ತೆಗೆದುಹಾಕಿ, ಆಗ 900ರಲ್ಲಿ 800, ಶೇ. 88.9. ಅವಳು ಮಾಡಿದ್ದು ಒಳ್ಳೆಯ ಕೆಲಸ, ಬೇಡದ ಕೋಡ್ ಕಳೆದಿದ್ದಾಳೆ, ಹೊಸ ಅಪಾಯ ಏನೂ ತಂದಿಲ್ಲ. ನಮ್ಮ ನಿಯಮ ಅವಳನ್ನು ತಡೆದು ನಿಲ್ಲಿಸಿತು. ಇಂಥ ನಿಯಮ ಇಟ್ಟುಕೊಂಡರೆ ಜನ ಹಳೇ ಕೋಡ್ ತೆಗೆಯುವುದನ್ನೇ ಬಿಡುತ್ತಾರೆ, ಇಲ್ಲವೇ ಅಂಕಿ ಏರಿಸೋಕೆ ಏನನ್ನೂ ಪರೀಕ್ಷಿಸದ ಟೆಸ್ಟ್ ಬರೆಯುತ್ತಾರೆ. ಎರಡೂ ನಮಗೆ ಬೇಡ.

ಆಗ ನಾವು ಪೂರ್ತಿಯಾಗಿ ಪ್ಯಾಚ್ ಕವರೇಜ್ ಕಡೆ ತಿರುಗಿದೆವು. ಈ ಪುಲ್ ರಿಕ್ವೆಸ್ಟ್‌ನಲ್ಲಿ ಬದಲಾದ ಸಾಲುಗಳು ಯಾವುವು, ಅವುಗಳಲ್ಲಿ ಟೆಸ್ಟ್ ಮುಟ್ಟಿದ್ದು ಎಷ್ಟು, ಕೇಳುವುದು ಇದೊಂದೇ ಪ್ರಶ್ನೆ. ಕೋಡ್‌ಕೋವ್ ಅನ್ನುವ ಹೊರಗಿನ ಕವರೇಜ್ ಸೇವೆ ಬಳಸುವವರಿಗೆ ಪ್ರಾಜೆಕ್ಟ್, ಪ್ಯಾಚ್ ಅಂತ ಎರಡು ಬೇರೆ ಬೇರೆ ಸ್ಟೇಟಸ್ ಬರುತ್ತದೆ, ಪ್ಯಾಚನ್ನು ಮಾತ್ರ ಕಡ್ಡಾಯ ಮಾಡಿ, ಪ್ರಾಜೆಕ್ಟನ್ನು ಬರೀ ಮಾಹಿತಿಗೆ ಇಡಿ. ಹೊರಗಿನ ಸೇವೆ ಬೇಡ ಅನ್ನುವವರಿಗೆ ಡಿಫ್ ಕವರ್ ಅನ್ನುವ ಸಣ್ಣ ಪೈಥಾನ್ ಟೂಲ್ ಇದೆ. ಅದಕ್ಕೆ ಕೊಬರ್ಚುರಾ ಎಕ್ಸ್‌ಎಂಎಲ್ ಕೊಟ್ಟು, ಯಾವ ಬ್ರಾಂಚಿಗೆ ಹೋಲಿಸಬೇಕು ಅಂತ ಹೇಳಿದರೆ ಟೆಸ್ಟ್ ತಪ್ಪಿದ ಸಾಲುಗಳ ಪಟ್ಟಿ ಕೊಡುತ್ತದೆ, ಮಿತಿಗಿಂತ ಕಮ್ಮಿ ಇದ್ದರೆ ತಾನೇ ಫೇಲ್ ಆಗುತ್ತದೆ. ನಾವು ಇದನ್ನೇ ಇಟ್ಟುಕೊಂಡಿದ್ದೇವೆ. ನಾಲ್ಕು ಜನರ ಟೀಮಿಗೆ ಇದಕ್ಕಿಂತ ಜಾಸ್ತಿ ಬೇಕಾಗಿಲ್ಲ. ಒಟ್ಟು ಅಂಕಿ ಎಷ್ಟಿರಬೇಕು ಅಂತ ಕೇಳುವವರಿಗೆ ಒಂದು ಮಾತು: ಗೂಗಲ್‌ನವರು 2020ರಲ್ಲಿ ಪ್ರಕಟಿಸಿದ ಸಲಹೆಯಲ್ಲಿ ಶೇ. 60 ಪರವಾಗಿಲ್ಲ, 75 ಒಳ್ಳೆಯದು, 90 ಮಾದರಿ ಅಂತ ಇಟ್ಟಿದ್ದಾರೆ. ಹಳೇ ರೆಪೊಸಿಟರಿ ಶೇ. 40ರಲ್ಲಿದ್ದರೂ ಹೊಸ ಸಾಲುಗಳಿಗೆ 90 ಕೇಳಬಹುದು, ಒಟ್ಟು ಅಂಕಿ ನಿಧಾನಕ್ಕೆ ತಾನೇ ಏರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಭಾಗ, ಭದ್ರತೆ. ಕವರೇಜ್ ಟೂಲ್ ಓಡುವ ಜಾಗ ಯಾವುದು ಅಂತ ಯೋಚನೆ ಮಾಡಿ. ನಿಮ್ಮ ಪೂರ್ತಿ ಸೋರ್ಸ್ ಕೋಡ್ ಅಲ್ಲಿದೆ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ಡೇಟಾಬೇಸ್ ಪಾಸ್‌ವರ್ಡ್, ಕ್ಲೌಡ್ ಕೀಲಿ ಎಲ್ಲಾ ಇರಬಹುದು. ಅಂಥ ಜಾಗದಲ್ಲಿ ಇಂಟರ್‌ನೆಟ್‌ನಿಂದ ಒಂದು ಸ್ಕ್ರಿಪ್ಟ್ ಎಳೆದು ನೇರವಾಗಿ ಕಮಾಂಡ್ ಓಡಿಸುವ ಬ್ಯಾಶ್‌ಗೆ ಕೊಟ್ಟರೆ ಏನಾಗಬಹುದು ಅನ್ನೋದಕ್ಕೆ 2021ರ ಕೋಡ್‌ಕೋವ್ ಪ್ರಕರಣ ಸಾಕ್ಷಿ. ಅವರ ಬ್ಯಾಶ್ ಅಪ್‌ಲೋಡರ್ ಸ್ಕ್ರಿಪ್ಟನ್ನು ಯಾರೋ ಆ ವರ್ಷದ ಜನವರಿ 31ರಿಂದ ಆಗಾಗ ತಿದ್ದುತ್ತಿದ್ದರು. ಅದಕ್ಕೆ ಬೇಕಾದ ಕೀಲಿ ಸಿಕ್ಕಿದ್ದು ಡಾಕರ್ ಇಮೇಜ್ ತಯಾರಿಸುವಲ್ಲಿ ಆದ ಒಂದು ಲೋಪದಿಂದ. ತಿದ್ದಿದ ಸ್ಕ್ರಿಪ್ಟ್ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಹೊರಗಿನ ಸರ್ವರ್‌ಗೆ ಕಳಿಸುತ್ತಿತ್ತು. ಗೊತ್ತಾಗಿದ್ದು ಏಪ್ರಿಲ್ 1ಕ್ಕೆ, ಅದೂ ಒಬ್ಬ ಗ್ರಾಹಕರು ಡೌನ್‌ಲೋಡ್ ಮಾಡಿದ ಸ್ಕ್ರಿಪ್ಟ್‌ನ ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಅಂತ ನೋಡುವ ಗುರುತು) ಪ್ರಕಟಿಸಿದ ಚೆಕ್‌ಸಮ್‌ಗೆ ಹೊಂದುತ್ತಿಲ್ಲ ಅಂತ ಗಮನಿಸಿದ್ದರಿಂದ. ಹ್ಯಾಶಿಕಾರ್ಪ್‌ನಂಥ ಸಾಫ್ಟ್‌ವೇರ್ ಕಂಪನಿ ಕೂಡ ತನ್ನ ಸಹಿ ಹಾಕುವ ಜಿಪಿಜಿ ಕೀಲಿಯನ್ನು ಬದಲಾಯಿಸಬೇಕಾಯಿತು. ಆ ಒಬ್ಬ ಗ್ರಾಹಕರ ಬಗ್ಗೆ ನನಗೆ ಬಹಳ ಗೌರವ ಇದೆ. ಚೆಕ್‌ಸಮ್ ಇದ್ದರೂ ಅದನ್ನು ನೋಡುವವರು ಎಷ್ಟು ಜನ?

2025ರ ಮಾರ್ಚ್‌ನಲ್ಲಿ ಇನ್ನೊಂದು ಆಯಿತು. ಟಿಜೆ ಆಕ್ಷನ್ಸ್‌ನ ಚೇಂಜ್ಡ್ ಫೈಲ್ಸ್ ಅಂತ ಒಂದು ಜನಪ್ರಿಯ ಆಕ್ಷನ್ (ಬೇರೆಯವರು ಬರೆದಿಟ್ಟ ಸಿದ್ಧ ಹೆಜ್ಜೆ), ಯಾವ ಫೈಲ್ ಬದಲಾಗಿದೆ ಅಂತ ಹೇಳುವಂಥದ್ದು, 23,000ಕ್ಕೂ ಹೆಚ್ಚು ರೆಪೊಸಿಟರಿಗಳಲ್ಲಿ ಬಳಕೆಯಲ್ಲಿತ್ತು. ಅದರ ಹಳೇ ಆವೃತ್ತಿಗಳ ಟ್ಯಾಗ್‌ಗಳನ್ನೇ ದಾಳಿಕೋರರು ತಮ್ಮ ಕಮಿಟ್ ಕಡೆ ತಿರುಗಿಸಿದರು, ಗುಟ್ಟಿನ ಕೀಲಿಗಳು ಬಿಲ್ಡ್ ಲಾಗ್‌ನಲ್ಲಿ ಬಂದು ಬಿದ್ದವು. ಟ್ಯಾಗ್ ಅನ್ನೋದನ್ನು ಯಾವಾಗ ಬೇಕಾದರೂ ಸರಿಸಬಹುದು, ಕಮಿಟ್‌ನ 40 ಅಕ್ಷರದ ಗುರುತನ್ನು ಹಾಗೆ ಸರಿಸೋಕಾಗುವುದಿಲ್ಲ. ಹಾಗಾಗಿ ಆಕ್ಷನ್ಸ್‌ನ ಹೆಜ್ಜೆಗಳನ್ನು ಬರೆದಿಟ್ಟ ನಮ್ಮ ಯಾಮಲ್ ಫೈಲಿನಲ್ಲಿ ಹೊರಗಿನ ಪ್ರತಿ ಆಕ್ಷನ್ ಪಕ್ಕದಲ್ಲೂ ಆವೃತ್ತಿಯ ಬದಲು ಪೂರ್ತಿ ಕಮಿಟ್ ಗುರುತು ಇದೆ. ಹೊಸ ಆವೃತ್ತಿ ಬಂದಾಗ ಗಿಟ್‌ಹಬ್‌ನ ಡಿಪೆಂಡಾಬಾಟ್ ಅನ್ನುವ ಟೂಲ್ ಬದಲಾವಣೆ ತಂದು ಮುಂದಿಡುತ್ತದೆ, ನಾವು ಓದಿ ಒಪ್ಪುತ್ತೇವೆ. ಕೆಲಸ ಸ್ವಲ್ಪ ಜಾಸ್ತಿ. ಮಾಡಲೇಬೇಕು.

ಸಾರ್ವಜನಿಕ ರೆಪೊಸಿಟರಿ ಇಟ್ಟುಕೊಂಡವರಿಗೆ ಫೋರ್ಕ್‌ನ, ಅಂದರೆ ಹೊರಗಿನವರು ಮಾಡಿಕೊಳ್ಳುವ ನಕಲಿನ ವಿಷಯ ಇದೆ. ನಮ್ಮ ಔಟ್‌ಟರ್ನ್ ಲೆಕ್ಕದ ಲೈಬ್ರರಿಯನ್ನು ಎಲ್ಲರಿಗೂ ತೆರೆದಿಟ್ಟಿದ್ದೇವೆ, ಅದಕ್ಕೇ ಇದು ನಮಗೂ ಎದುರಾಯಿತು. ಹೊರಗಿನವರು ಫೋರ್ಕ್ ಮಾಡಿ ಪುಲ್ ರಿಕ್ವೆಸ್ಟ್ ಕಳಿಸಿದಾಗ ಗಿಟ್‌ಹಬ್ ಆ ಓಟಕ್ಕೆ ಸೀಕ್ರೆಟ್‌ಗಳನ್ನು (ಗುಟ್ಟಿನ ಕೀಲಿಗಳನ್ನು) ಕೊಡುವುದಿಲ್ಲ, ರೆಪೊಸಿಟರಿ ಮುಟ್ಟೋಕೆ ಕೊಡುವ ಟೋಕನ್ ಕೂಡ ಓದೋಕೆ ಮಾತ್ರ. ಹಾಗಾಗಿ ಕವರೇಜ್ ಕಾಮೆಂಟ್ ಹಾಕುವ ಹೆಜ್ಜೆ ಅಲ್ಲಿ ಮುರಿದುಬೀಳುತ್ತದೆ. ಇದಕ್ಕೆ ಪರಿಹಾರ ಅಂತ ಜನ ಪುಲ್ ರಿಕ್ವೆಸ್ಟ್ ಟಾರ್ಗೆಟ್ ಅನ್ನುವ ಈವೆಂಟ್‌ಗೆ ಬದಲಾಯಿಸಿಕೊಳ್ಳುತ್ತಾರೆ. ದಯವಿಟ್ಟು ಬೇಡ. ಅದು ಮೂಲ ರೆಪೊಸಿಟರಿಯ ಅಧಿಕಾರದಲ್ಲಿ, ಸೀಕ್ರೆಟ್‌ಗಳ ಸಮೇತ ಓಡುತ್ತದೆ. ಅದರಲ್ಲಿ ಹೊರಗಿನವರ ಕೋಡನ್ನು ಚೆಕ್‌ಔಟ್ ಮಾಡಿ ಟೆಸ್ಟ್ ಓಡಿಸಿದರೆ, ಆ ಟೆಸ್ಟ್ ಫೈಲಿನ ಒಳಗೆ ಏನು ಬೇಕಾದರೂ ಬರೆದಿರಬಹುದು. ಬೀಗದ ಕೈಯನ್ನು ದಾರಿಹೋಕರ ಕೈಗೆ ಕೊಟ್ಟು ಮನೆ ನೋಡಿಕೊಂಡು ಬನ್ನಿ ಅಂದ ಹಾಗೆ.

ಸರಿಯಾದ ದಾರಿ ಎರಡಿವೆ. ಒಂದು, ಕೆಲಸವನ್ನು ಎರಡು ತುಂಡು ಮಾಡುವುದು. ಮೊದಲ ವರ್ಕ್‌ಫ್ಲೋ (ಹೆಜ್ಜೆಗಳ ಸರಣಿ) ಯಾವ ಅಧಿಕಾರವೂ ಇಲ್ಲದೆ ಟೆಸ್ಟ್ ಓಡಿಸಿ ಕವರೇಜ್ ಫೈಲನ್ನು ಆರ್ಟಿಫ್ಯಾಕ್ಟ್ ಆಗಿ, ಅಂದರೆ ಓಟದ ಜೊತೆ ಉಳಿಸಿದ ಫೈಲಾಗಿ ಇಡುತ್ತದೆ. ಅದು ಮುಗಿದ ಮೇಲೆ ವರ್ಕ್‌ಫ್ಲೋ ರನ್ ಈವೆಂಟ್‌ನಿಂದ ಎರಡನೆಯದು ಎದ್ದು, ಆ ಫೈಲನ್ನು ಓದಿ ಕಾಮೆಂಟ್ ಹಾಕುತ್ತದೆ. ಹೊರಗಿನ ಕೋಡನ್ನು ಅದು ಓಡಿಸುವುದಿಲ್ಲ. ಆದರೂ ಆ ಆರ್ಟಿಫ್ಯಾಕ್ಟ್ ಹೊರಗಿನವರ ಕೋಡಿನಿಂದ ಬಂದದ್ದು ಅನ್ನೋದು ನೆನಪಿರಲಿ, ಅದರೊಳಗಿನ ಪಠ್ಯವನ್ನು ನೇರವಾಗಿ ಶೆಲ್ ಕಮಾಂಡಿಗೆ ಅಂಟಿಸಬೇಡಿ.

ಎರಡನೇ ದಾರಿ ಇನ್ನೂ ಸರಳ, ನನಗೆ ಇದೇ ಇಷ್ಟ. ಕಾಮೆಂಟೇ ಬೇಡ. ಆಕ್ಷನ್ಸ್‌ನಲ್ಲಿ ಸ್ಟೆಪ್ ಸಮರಿ ಅಂತ ಒಂದು ಫೈಲ್ ಇದೆ, ಅದಕ್ಕೆ ಮಾರ್ಕ್‌ಡೌನ್ ಬರೆದರೆ ಆ ಓಟದ ಪುಟದಲ್ಲಿ ಚೆಂದವಾಗಿ ಕಾಣುತ್ತದೆ. ಟೆಸ್ಟ್ ಇಲ್ಲದ ಸಾಲುಗಳಿಗೆ ವಾರ್ನಿಂಗ್ ಅಂತ ಒಂದು ವಿಶೇಷ ಸಾಲನ್ನು ಲಾಗ್‌ಗೆ ಪ್ರಿಂಟ್ ಮಾಡಿದರೆ, ಗಿಟ್‌ಹಬ್ ಅದನ್ನು ಪುಲ್ ರಿಕ್ವೆಸ್ಟ್‌ನ ಫೈಲ್ಸ್ ಟ್ಯಾಬ್‌ನಲ್ಲಿ ಸರಿಯಾಗಿ ಆ ಸಾಲಿನ ಕೆಳಗೇ ತೋರಿಸುತ್ತದೆ. ಎರಡಕ್ಕೂ ಬರೆಯುವ ಅಧಿಕಾರದ ಟೋಕನ್ ಬೇಡ, ಹೊರಗಿನ ಸೇವೆ ಬೇಡ, ಫೋರ್ಕ್‌ನಿಂದ ಬಂದರೂ ನಡೆಯುತ್ತದೆ. ಒಂದು ಹೆಜ್ಜೆಗೆ 10 ವಾರ್ನಿಂಗ್ ಮಾತ್ರ ಅನ್ನುವ ಮಿತಿ ಇದೆ, ಅದಕ್ಕೇ ಅಕ್ಕಪಕ್ಕದ ಸಾಲುಗಳನ್ನು ಒಟ್ಟು ಮಾಡಿ ಒಂದೇ ವಾರ್ನಿಂಗ್ ಆಗಿ ಹಾಕುತ್ತೇವೆ. ರಿವ್ಯೂ ಮಾಡುವವರ ಕಣ್ಣು ಎಲ್ಲಿರುತ್ತದೋ ಅಲ್ಲಿಗೇ ವಿಷಯ ಹೋಗುತ್ತದೆ. ಮೂಡಿಗೆರೆಯ ಹುಡುಗ ಈಗ ಫೋನಿನಲ್ಲೇ ರಿವ್ಯೂ ಮಾಡುತ್ತಾನೆ, "ಅಣ್ಣಾ, ಈ ಎಲ್ಸ್‌ಗೆ ಟೆಸ್ಟ್ ಇಲ್ಲ ನೋಡಿ" ಅಂತ ನನಗೇ ಬರೆಯುತ್ತಾನೆ.

ಗಿಟ್‌ಹಬ್ ಬದಲು ಗಿಟ್‌ಲ್ಯಾಬ್‌ನಲ್ಲಿರುವವರಿಗೆ ಇದರಲ್ಲಿ ಎಷ್ಟೋ ಮೊದಲೇ ಸಿದ್ಧ ಇದೆ. ಜಾಬ್‌ನ ಆರ್ಟಿಫ್ಯಾಕ್ಟ್ ರಿಪೋರ್ಟ್ಸ್‌ನಲ್ಲಿ ಕೊಬರ್ಚುರಾ ಫೈಲನ್ನು ತೋರಿಸಿದರೆ ಮರ್ಜ್ ರಿಕ್ವೆಸ್ಟ್‌ನ (ಪುಲ್ ರಿಕ್ವೆಸ್ಟ್‌ಗೆ ಅಲ್ಲಿನ ಹೆಸರು) ಡಿಫ್, ಅಂದರೆ ಬದಲಾದ ಸಾಲುಗಳ ಪಕ್ಕದಲ್ಲೇ ಬಣ್ಣದ ಗುರುತು ಬರುತ್ತದೆ.

ಖರ್ಚಿನ ಮಾತೂ ಇದೆ. ಗಿಟ್‌ಹಬ್‌ನ ಉಚಿತ ಯೋಜನೆಯಲ್ಲಿ ಖಾಸಗಿ ರೆಪೊಸಿಟರಿಗಳಿಗೆ ಆಕ್ಷನ್ಸ್ ಓಡಿಸೋಕೆ ತಿಂಗಳಿಗೆ 2000 ನಿಮಿಷ ಸಿಗುತ್ತದೆ. ಒಂದೇ ಬ್ರಾಂಚಿಗೆ ಮೇಲಿಂದ ಮೇಲೆ ಪುಶ್ ಮಾಡಿದರೆ ಹಳೇ ಓಟಗಳು ಸುಮ್ನೆ ನಿಮಿಷ ತಿನ್ನುತ್ತವೆ. ಕನ್‌ಕರೆನ್ಸಿ ಸೆಟ್ಟಿಂಗ್ ಹಾಕಿ, ಹೊಸ ಪುಶ್ ಬಂದ ಕೂಡಲೇ ಹಳೆಯದನ್ನು ನಿಲ್ಲಿಸು ಅಂತ ಹೇಳಿ.

ಕವರೇಜ್ ಹೇಳದ ವಿಷಯವನ್ನೂ ನೋಡಿಕೊಳ್ಳಬೇಕು. ಸಾಲು ಓಡಿತು ಅಂತ ಅದು ಹೇಳುತ್ತದೆ, ಉತ್ತರ ಸರಿ ಇತ್ತಾ ಅಂತ ಹೇಳುವುದಿಲ್ಲ. ಅಸರ್ಟ್ (ಉತ್ತರ ಸರಿಯಾ ಅಂತ ನೋಡುವ ಸಾಲು) ಒಂದೂ ಇಲ್ಲದ ಟೆಸ್ಟೂ ಶೇ. 100 ಕೊಡಬಲ್ಲದು. ಬಿಲ್ಲಿನ ಲೆಕ್ಕಕ್ಕೆ ಮಾತ್ರ ನಾವು ಮ್ಯುಟೇಶನ್ ಟೆಸ್ಟಿಂಗ್ ಕೂಡ ಓಡಿಸುತ್ತೇವೆ. ಅದು ಕೋಡಿನಲ್ಲಿ ಬೇಕಂತಲೇ ಸಣ್ಣ ಬದಲಾವಣೆ ಮಾಡುತ್ತದೆ, ಕೂಡುವ ಕಡೆ ಕಳೆಯುತ್ತದೆ, ಹೆಚ್ಚು ಅನ್ನುವ ಕಡೆ ಕಮ್ಮಿ ಅನ್ನುತ್ತದೆ, ಆಮೇಲೆ ಯಾವುದಾದರೂ ಟೆಸ್ಟ್ ಫೇಲ್ ಆಗುತ್ತಾ ಅಂತ ನೋಡುತ್ತದೆ. ಯಾವುದೂ ಫೇಲ್ ಆಗದಿದ್ದರೆ ಆ ಟೆಸ್ಟುಗಳಲ್ಲಿ ಗಟ್ಟಿ ಇಲ್ಲ ಅಂತ. ಪೈಥಾನ್‌ಗೆ ಮ್ಯುಟ್‌ಮ್ಯುಟ್, ಜಾವಾಸ್ಕ್ರಿಪ್ಟ್‌ಗೆ ಸ್ಟ್ರೈಕರ್ ಇವೆ. ಸಮಯ ಬಹಳ ಹಿಡಿಯುತ್ತದೆ, ಹಾಗಾಗಿ ವಾರಕ್ಕೊಮ್ಮೆ ರಾತ್ರಿ ಓಡುವಂತೆ ಇಟ್ಟಿದ್ದೇವೆ, ಪುಲ್ ರಿಕ್ವೆಸ್ಟ್‌ಗೆ ಕಟ್ಟಿಲ್ಲ.

ನೀವು ಈಗಷ್ಟೇ ಶುರು ಮಾಡುವವರಾದರೆ ಮೊದಲು ಬರೀ ಸಾಲು ತೋರಿಸಿ, ಯಾರ ಕೆಲಸವನ್ನೂ ತಡೆಯಬೇಡಿ. ಜನ ಅದನ್ನು ನಂಬೋಕೆ ಶುರು ಮಾಡಿದ ಮೇಲೆ ಪ್ಯಾಚ್ ಚೆಕ್ಕನ್ನು ಗಿಟ್‌ಹಬ್‌ನ ಬ್ರಾಂಚ್ ಪ್ರೊಟೆಕ್ಷನ್ ಸೆಟ್ಟಿಂಗ್‌ನಲ್ಲಿ ಕಡ್ಡಾಯ ಮಾಡಿ. ನಮ್ಮಲ್ಲಿ ಇನ್ನೂ ಉಳಿದಿರುವುದು ಪರದೆಯ ಜಾವಾಸ್ಕ್ರಿಪ್ಟ್ ಭಾಗಕ್ಕೆ ಬ್ರಾಂಚ್ ಕವರೇಜ್ ಹಾಕುವ ಕೆಲಸ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಗುತ್ತದೆ, ಅದರೊಳಗೆ ಮುಗಿಸುತ್ತೇವೆ. ನಮ್ಮ ಯಾಮಲ್ ಫೈಲ್ ಬೇಕಾದವರು ಕೇಳಿ, ಕೀಲಿ ಒಂದೂ ಅದರಲ್ಲಿಲ್ಲ, ಹಾಗೇ ಕಳಿಸುತ್ತೇನೆ.